ಗುಪ್ತಕೂಟದ ಕಥೆ ಓದುವಾಗ



ಕಥೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಬೆಟ್ಟದ ಮೇಲೊಂದು ವಸತಿ ಶಾಲೆ. ಕಲ್ಲಿನ ಕಟ್ಟಡ, ಸುತ್ತಲೂ ಹುಲ್ಲುಹಾಸು, ಓದುವವರೆಲ್ಲ ಕೋಟ್ಯಧೀಶರ ಮಕ್ಕಳು. ಒಂದು ರಾತ್ರಿ ಹೊಸ ವಿದ್ಯಾರ್ಥಿಯ ಕೋಣೆಯ ಬಾಗಿಲ ಸಂದಿಯಿಂದ ಲಕೋಟೆಯೊಂದು ಒಳಗೆ ಜಾರುತ್ತದೆ. ಮೇಲೆ ಅರಗಿನ ಮುದ್ರೆ. ಒಳಗೆ ಒಂದೇ ಸಾಲು: ಮಧ್ಯರಾತ್ರಿ ಗೋಪುರದ ಕೆಳಗೆ ಬಾ, ಯಾರಿಗೂ ಹೇಳಬೇಡ. ಅಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಏಳೆಂಟು ಮಂದಿ ಕಾಯುತ್ತಿರುತ್ತಾರೆ. ಪ್ರತಿಜ್ಞೆ ನಡೆಯುತ್ತದೆ. ಮರುದಿನದಿಂದ ಆ ಹುಡುಗ ಅಥವಾ ಹುಡುಗಿ ಶಾಲೆಯ 'ಒಳಗಿನವರು' ಆಗುತ್ತಾರೆ.

ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿಗಳಲ್ಲಿ ಇದೊಂದು ಪ್ರತ್ಯೇಕ ಜಾತಿಯೇ ಆಗಿಬಿಟ್ಟಿದೆ. ಪುಸ್ತಕದಿಂದ ಧಾರಾವಾಹಿಗೆ, ಧಾರಾವಾಹಿಯಿಂದ ಮೊಬೈಲಿಗೆ ಇಳಿದು ಇವು ನಮ್ಮ ಊರುಗಳನ್ನೂ ತಲುಪಿವೆ. ಕುಂಭಾಶಿಯ ಹೆದ್ದಾರಿ ಬದಿಯಲ್ಲಿ ಕುಂದಾಪುರದ ಬಸ್ಸಿಗೆ ಕಾಯುವ ಕಾಲೇಜು ವಿದ್ಯಾರ್ಥಿಯ ಕೈಯಲ್ಲಿ ಇಂಥದೊಂದು ಕಥೆ ಇದ್ದರೆ ಇಂದು ಆಶ್ಚರ್ಯವೇನಿಲ್ಲ. ಹಿರಿಯರು ಕೆಲವರು, "ಇದೆಲ್ಲ ಯಾಕೆ? ಪಾಠ ಓದಿ" ಎನ್ನುತ್ತಾರೆ. ನಾನು ಹಾಗೆ ಹೇಳುವವನಲ್ಲ. ಓದಿ. ಆದರೆ ಓದುವಾಗ ಕೈಯಲ್ಲಿ ಒಂದು ಸಲಕರಣೆ ಇಟ್ಟುಕೊಳ್ಳಿ. ಅದನ್ನು ನನ್ನ ಕಸುಬಿನಿಂದಲೇ ತಂದು ಕೊಡುತ್ತೇನೆ.

ದೂರದರ್ಶನದಲ್ಲಿ ಯಾವುದೇ ದೃಶ್ಯ ತೆಗೆಯುವ ಮೊದಲು ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕ್ಯಾಮೆರಾ ಎಲ್ಲಿಡಬೇಕು? ಮುಚ್ಚಿದ ಬಾಗಿಲಿನ ಕೋಣೆಯೊಂದನ್ನು ಊಹಿಸಿಕೊಳ್ಳಿ. ಒಳಗೆ ಸಭೆ ನಡೆದಿದೆ. ಕ್ಯಾಮೆರಾವನ್ನು ಕೋಣೆಯೊಳಗೆ ಇಟ್ಟು, ಒಂದೇ ಕಡೆಯಿಂದ ಮಂದ ಬೆಳಕು ಬಿಟ್ಟು, ಅರ್ಧ ಮುಖ ಮಾತ್ರ ಕಾಣುವಂತೆ ತೆಗೆದರೆ ನೋಡುವ ನೀವು ತಿಳಿಯದೆಯೇ ಆ ಕೂಟದ ಸದಸ್ಯರಾಗಿಬಿಡುತ್ತೀರಿ. ಗುಟ್ಟು ನಿಮಗೂ ಗೊತ್ತಾಯಿತಲ್ಲ! ಅದೇ ಕ್ಯಾಮೆರಾವನ್ನು ಬಾಗಿಲಿನ ಹೊರಗೆ, ಒಳಗಿನ ನಗು ಕೇಳಿಸಿಕೊಳ್ಳುತ್ತ ಒಬ್ಬಳೇ ನಿಂತ ಹುಡುಗಿಯ ಪಕ್ಕದಲ್ಲಿಡಿ. ಕೋಣೆ ಅದೇ, ಜನ ಅವರೇ, ಕಥೆ ಮಾತ್ರ ಬೇರೆ. ಆದ್ದರಿಂದ ಗುಪ್ತಕೂಟದ ಯಾವ ಕಥೆ ಓದಿದರೂ ಮೊದಲು ಕೇಳಿ: ಇಲ್ಲಿ ಕ್ಯಾಮೆರಾ ಬಾಗಿಲಿನ ಯಾವ ಕಡೆ ಇದೆ?

ನಿಮ್ಮಲ್ಲಿ ಹಲವರು ಎನಿಡ್ ಬ್ಲೈಟನ್ ಅವರ 'ಸೀಕ್ರೆಟ್ ಸೆವೆನ್' ಓದಿರಬಹುದು. ಮೊದಲ ಪುಸ್ತಕ ಬಂದದ್ದು 1949ರಲ್ಲಿ. ಏಳು ಮಕ್ಕಳು, ತೋಟದಲ್ಲೊಂದು ಶೆಡ್ಡು, ಬಟ್ಟೆಗೆ ಚುಚ್ಚಿಕೊಳ್ಳುವ ಬಿಲ್ಲೆ, ಆಗಾಗ ಬದಲಾಗುವ ಸಂಕೇತಪದ. ಸಂಕೇತಪದ ಹೇಳದಿದ್ದರೆ ಬಾಗಿಲು ತೆರೆಯುವುದಿಲ್ಲ. ಕ್ಯಾಮೆರಾ ಶೆಡ್ಡಿನ ಒಳಗಿದೆ, ಹಾಗಾಗಿ ನಮಗೆ ಎಲ್ಲವೂ ಸೊಗಸಾಗಿ ಕಾಣುತ್ತದೆ. ಸದಸ್ಯರಲ್ಲಿ ಒಬ್ಬನಾದ ಜ್ಯಾಕ್‌ನ ತಂಗಿ ಸೂಸಿ ಮಾತ್ರ ಹೊರಗೆ. ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅವಳು ಕೀಟಲೆ ಮಾಡುತ್ತಾಳೆ, ಸಂಕೇತಪದ ಕದಿಯುತ್ತಾಳೆ. ಓದುವಾಗ ನಾವೂ ಅವಳನ್ನು ಪೀಡೆ ಎಂದೇ ಭಾವಿಸುತ್ತೇವೆ. ಆಕೆ ಮಾಡಿದ ತಪ್ಪೇನು? ಒಳಗೆ ಬರಲು ಆಸೆಪಟ್ಟದ್ದು, ಅಷ್ಟೆ.

ಇದರ ಪಕ್ಕದಲ್ಲಿ ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಬರೆದ 'ಎಮಿಲ್ ಮತ್ತು ಪತ್ತೇದಾರರು' ಕಾದಂಬರಿಯನ್ನಿಡಿ. ಕೂದಲು ತಿದ್ದಿ ಸಂಸಾರ ಸಾಗಿಸುವ ತಾಯಿಯೊಬ್ಬಳು ಕೂಡಿಟ್ಟ ದುಡ್ಡು ರೈಲಿನಲ್ಲಿ ಕಳುವಾಗುತ್ತದೆ. ಅದನ್ನು ಮರಳಿ ಪಡೆಯಲು ಬರ್ಲಿನ್ ಬೀದಿಯ ಹುಡುಗರೆಲ್ಲ ಮಗನ ಬೆನ್ನಿಗೆ ನಿಲ್ಲುತ್ತಾರೆ. ಅವರಿಗೂ ಒಂದು ಸಂಕೇತಪದವಿದೆ: 'ಎಮಿಲ್'. ಮೋಸಹೋದ ಹುಡುಗನ ಹೆಸರೇ ಅಲ್ಲಿ ಸಂಕೇತಪದ. ನೆರವಾಗಲು ಬಂದವರಿಗೆಲ್ಲ ಅದನ್ನು ಹೇಳಿಕೊಡುತ್ತಾರೆ. ಎರಡು ಗುಂಪುಗಳ ವ್ಯತ್ಯಾಸ ಗಮನಿಸಿ. ಒಂದರ ಸಂಕೇತಪದ ಬಾಗಿಲು ಮುಚ್ಚಲು, ಇನ್ನೊಂದರದು ಬಾಗಿಲು ತೆರೆಯಲು.

ನಿಮ್ಮ ವಯಸ್ಸಿನಲ್ಲಿ ಗುಂಪಿನ ಆಸೆ ಸಹಜ. ಅದನ್ನು ಅಳೆದು ನೋಡಿದವರೂ ಇದ್ದಾರೆ. ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 14-15 ವರ್ಷದ ಹುಡುಗರ ಮೇಲೆ ಒಂದು ಪ್ರಯೋಗ ನಡೆಸಿದರು. ಇದರ ವಿವರ 1971ರಲ್ಲಿ ಪ್ರಕಟವಾಯಿತು. ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರ ಚಿತ್ರ ಇಷ್ಟವಾಯಿತೆಂಬುದರ ಮೇಲೆ ಎರಡು ಗುಂಪು ಮಾಡಿದ್ದೇವೆ ಎಂದು ಹೇಳಿದರು. ನಿಜವಾಗಿ ಗುಂಪು ಮಾಡಿದ್ದು ಚೀಟಿ ಎತ್ತಿದಂತೆ, ಮನಸ್ಸಿಗೆ ಬಂದ ಹಾಗೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಹುಡುಗರಿಗೆ ತಿಳಿದಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ಅವರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಆಚೆಯವರಿಗಿಂತ ಮೇಲಿದ್ದರೆ ಸಾಕು ಎಂಬ ಒಲವೂ ಕಂಡುಬಂತು. ದ್ವೇಷಕ್ಕೆ ಹಳೆಯ ಜಗಳ ಬೇಕಾಗಿಲ್ಲ, ನಡುವೆ ಒಂದು ಗೆರೆ ಎಳೆದರೂ ಸಾಕು ಎಂಬುದು ಈ ಪ್ರಯೋಗದ ಪಾಠ.

ಗೆರೆ ಎಳೆಯುವವರ ಕೈಯಲ್ಲಿ ಹಣವೂ ಅಧಿಕಾರವೂ ಇದ್ದರೆ ಏನಾಗುತ್ತದೆ? ಈ ಕಾದಂಬರಿಗಳ ಹಿಂದೆ ನಿಜವಾದ ಸಂಸ್ಥೆಗಳೂ ಇವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಲ್ಲಿ ಹುಟ್ಟಿದ 'ಸ್ಕಲ್ ಅಂಡ್ ಬೋನ್ಸ್' ಅವುಗಳಲ್ಲಿ ಹೆಸರಾದದ್ದು. ಹೆಸರಿನ ಅರ್ಥ 'ತಲೆಬುರುಡೆ ಮತ್ತು ಮೂಳೆ'. ಅದರ ಕಟ್ಟಡಕ್ಕೆ 'ಗೋರಿ' ಎಂದೇ ಅಡ್ಡಹೆಸರು. ವರ್ಷಕ್ಕೆ 15 ವಿದ್ಯಾರ್ಥಿಗಳನ್ನು ಆರಿಸುವುದು ಅದರ ಪದ್ಧತಿ. 1990ರ ದಶಕದ ಆರಂಭದವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 2004ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಎದುರುಬದುರಾದ ಜಾರ್ಜ್ ಬುಷ್ ಮತ್ತು ಜಾನ್ ಕೆರ್ರಿ, ಇಬ್ಬರೂ ಇದೇ ಕೂಟದವರು. ಕೋಟಿಗಟ್ಟಲೆ ಜನ ಮತ ಹಾಕಿದ ಚುನಾವಣೆಯಲ್ಲಿ, ಎರಡೂ ಪಕ್ಷದ ಅಭ್ಯರ್ಥಿಗಳು ವರ್ಷಕ್ಕೆ 15 ಮಂದಿಯ ಒಂದೇ ಕೋಣೆಯಿಂದ ಬಂದದ್ದು ಸಣ್ಣ ಸಂಗತಿಯಲ್ಲ. ಗುಪ್ತಕೂಟದ ಗುಟ್ಟು ಮಂತ್ರದಲ್ಲಿಲ್ಲ, ತಲೆಬುರುಡೆಯಲ್ಲೂ ಇಲ್ಲ. ಮುಂದೆ ಅಧಿಕಾರ ಹಿಡಿಯುವವರು ಓದುವ ದಿನಗಳಲ್ಲೇ ಒಬ್ಬರನ್ನೊಬ್ಬರು ಗುರುತು ಮಾಡಿಕೊಳ್ಳುವುದರಲ್ಲಿದೆ.

ಒಳ್ಳೆಯ ಲೇಖಕರು ಇದನ್ನು ಬಲ್ಲರು. ಇ. ಲಾಕ್‌ಹಾರ್ಟ್ 2008ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಫ್ರ್ಯಾಂಕಿ ಎಂಬ ಹುಡುಗಿ ಶ್ರೀಮಂತ ವಸತಿ ಶಾಲೆಯಲ್ಲಿ ಓದುತ್ತಾಳೆ. ಅಲ್ಲಿ ಹುಡುಗರದೇ ಒಂದು ಗುಪ್ತಕೂಟ. ಹಿಂದೆ ಅವಳ ತಂದೆಯೂ ಅದರ ಸದಸ್ಯನಾಗಿದ್ದವನು. ಬುದ್ಧಿಯಲ್ಲಿ ಅವರೆಲ್ಲರನ್ನೂ ಮೀರಿಸುವ ಫ್ರ್ಯಾಂಕಿಗೆ ಮಾತ್ರ ಪ್ರವೇಶವಿಲ್ಲ. ಆಕೆ ಕೂಟದ ನಾಯಕನ ಹೆಸರಿನಲ್ಲಿ ಇ-ಮೇಲ್ ಬರೆದು, ಹೊರಗೆ ನಿಂತೇ ಇಡೀ ಕೂಟವನ್ನು ಆಡಿಸುತ್ತಾಳೆ. ನಿಜ ತಿಳಿದಾಗ ಆಕೆಗೆ ಸಿಗುವುದು ಮೆಚ್ಚುಗೆಯಲ್ಲ, ಸಿಟ್ಟು. ಇಲ್ಲಿ ಕ್ಯಾಮೆರಾ ಬಾಗಿಲಿನ ಹೊರಗಿದೆ.

ಇದಕ್ಕಿಂತ ಕಹಿಯಾದದ್ದು ರಾಬರ್ಟ್ ಕಾರ್ಮಿಯರ್ 1974ರಲ್ಲಿ ಬರೆದ 'ದಿ ಚಾಕೊಲೇಟ್ ವಾರ್'. ಶಾಲೆಯ ಖರ್ಚಿಗಾಗಿ ಹುಡುಗರು ಚಾಕೊಲೇಟು ಮಾರಬೇಕು. ಆ ವರ್ಷ ಗುರಿ 20,000 ಪೆಟ್ಟಿಗೆ. ಶಾಲೆಯಲ್ಲಿ 'ವಿಜಿಲ್ಸ್' ಎಂಬ ಗುಪ್ತಕೂಟವಿದೆ. ಅದು ಹುಡುಗರಿಗೆ ವಿಚಿತ್ರ ಕೆಲಸಗಳನ್ನು ಹಚ್ಚುತ್ತದೆ. ಇದು ಅಧ್ಯಾಪಕರಿಗೂ ಗೊತ್ತು, ಆದರೆ ಗೊತ್ತಿಲ್ಲದಂತೆ ಇರುತ್ತಾರೆ. ಮಾರಾಟ ಸಾಗಬೇಕಾದಾಗ ಅಧ್ಯಾಪಕನೇ ಆ ಕೂಟದ ಸಹಾಯ ಕೇಳುತ್ತಾನೆ. ಜೆರ್ರಿ ಎಂಬ ಹುಡುಗ ಮಾತ್ರ "ನಾನು ಮಾರುವುದಿಲ್ಲ" ಎನ್ನುತ್ತಾನೆ. ಕಥೆಯ ಕೊನೆಯಲ್ಲಿ ಅವನು ಗೆಲ್ಲುವುದಿಲ್ಲ. ಇಡೀ ಶಾಲೆಯ ಕಣ್ಣೆದುರು ಪೆಟ್ಟು ತಿನ್ನುತ್ತಾನೆ. ಲೇಖಕರಿಗೆ ಈ ಕಥೆ ಹೊಳೆದದ್ದು ಅವರ ಮಗ ತನ್ನ ಶಾಲೆಯಲ್ಲಿ ಚಾಕೊಲೇಟು ಮಾರಲು ಒಪ್ಪದೆ ಹೋದಾಗ. ಆ ಮಗನಿಗೆ ಯಾವ ತೊಂದರೆಯೂ ಆಗಲಿಲ್ಲ. 'ಆಗಿದ್ದರೆ?' ಎಂಬ ಪ್ರಶ್ನೆಯೇ ಕಾದಂಬರಿಯಾಯಿತು.

ನಾನು ವಿಜ್ಞಾನ ಓದಿದವನು, ಹಾಗಾಗಿ ಇಲ್ಲೊಂದು ಲೆಕ್ಕ ಹೇಳಬೇಕು. ಮೂವರ ನಡುವೆ ಗುಟ್ಟೊಂದಿದ್ದರೆ ಇಬ್ಬಿಬ್ಬರ ಜೋಡಿಗಳು ಮೂರು. ಏಳು ಜನರಿದ್ದರೆ 21. ಹದಿನೈದು ಜನರಿದ್ದರೆ 105. ಸೂತ್ರ ನಿಮಗೆ ಗೊತ್ತು: ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಪ್ರತಿ ಜೋಡಿಯೂ ಜಗಳವಾಡಿ ಮುರಿಯಬಹುದಾದ ಒಂದು ಕೊಂಡಿ. ಜನ ಎರಡರಷ್ಟಾದಾಗ ಕೊಂಡಿಗಳು ಸುಮಾರು ನಾಲ್ಕರಷ್ಟಾಗುತ್ತವೆ. ಇಷ್ಟೊಂದು ಕಡೆ ಸೋರಬಹುದಾದ ಗುಟ್ಟನ್ನು ಬರೀ ಸ್ನೇಹದಿಂದ ಹಿಡಿದಿಡುವುದು ಕಷ್ಟ. ಆದ್ದರಿಂದಲೇ ಕೂಟ ದೊಡ್ಡದಾದಂತೆ ಪ್ರತಿಜ್ಞೆ, ಶಿಕ್ಷೆ, ಅವಮಾನ ಇವೆಲ್ಲ ಬರುತ್ತವೆ. "ನೀನೂ ತಪ್ಪು ಮಾಡಿದ್ದೀ, ಹೊರಗೆ ಹೇಳಿದರೆ ನೀನೂ ಸಿಕ್ಕಿಬೀಳುತ್ತೀ" ಎಂಬ ಬೆದರಿಕೆಯೇ ಕೊನೆಗೆ ಗುಂಪನ್ನು ಕಟ್ಟುವ ಹಗ್ಗವಾಗುತ್ತದೆ.

ಅವಮಾನ ಸಹಿಸಿ ಒಳಗೆ ಬಂದವನು ಆ ಗುಂಪನ್ನು ಯಾಕೆ ಬಿಡುವುದಿಲ್ಲ? 1959ರಲ್ಲಿ ಆರನ್‌ಸನ್ ಮತ್ತು ಮಿಲ್ಸ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಂದು ಚರ್ಚಾಕೂಟ ಸೇರಲು ಕೆಲವು ಕಾಲೇಜು ವಿದ್ಯಾರ್ಥಿನಿಯರಿಗೆ ತೀರ ಮುಜುಗರದ ಪರೀಕ್ಷೆ ಇಟ್ಟರು, ಕೆಲವರಿಗೆ ಸುಲಭದ್ದು. ಆಮೇಲೆ ಎಲ್ಲರಿಗೂ ಕೇಳಿಸಿದ ಚರ್ಚೆ ಬೇಕೆಂದೇ ಸಪ್ಪೆಯಾಗಿತ್ತು. ಹೆಚ್ಚು ಮುಜುಗರಪಟ್ಟು ಬಂದವರೇ ಅದನ್ನು ಹೆಚ್ಚು ಚೆನ್ನಾಗಿದೆ ಎಂದರು. ಇಷ್ಟು ಕಷ್ಟಪಟ್ಟದ್ದು ಹಾಳುವ್ಯವಹಾರಕ್ಕೆ ಎಂದು ಒಪ್ಪಿಕೊಳ್ಳುವುದು ಮನಸ್ಸಿಗೆ ಕಷ್ಟ. ಹಾಸ್ಟೆಲಿನಲ್ಲಿ ಕಳೆದ ವರ್ಷ ಪೀಡನೆ ಅನುಭವಿಸಿದವನೇ ಈ ವರ್ಷ ಕಿರಿಯರನ್ನು ಪೀಡಿಸಲು ಮುಂದೆ ನಿಲ್ಲುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇದೆಲ್ಲ ದೂರದೇಶದ ಮಾತಾಯಿತು ಎನ್ನುತ್ತೀರಾ? ಹತ್ತಿರಕ್ಕೆ ಬರೋಣ. ಹೆಬ್ರಿ ದಾಟಿ ಘಾಟಿ ಹತ್ತಿದರೆ ಆಗುಂಬೆ. 1980ರ ದಶಕದಲ್ಲಿ ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಹೆಚ್ಚಾಗಿ ಚಿತ್ರಿಸಿದ್ದು ಅಲ್ಲಿಯೇ. ಅದರಲ್ಲಿ ಬರುವ ಸ್ವಾಮಿಯ ಕಥೆಗೆ ಮೂಲ, ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಅವರ 1935ರ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'. ನಾವೆಲ್ಲ ಅದನ್ನು ಮುಗ್ಧ ಬಾಲ್ಯದ ಕಥೆ ಎಂದು ಓದುತ್ತೇವೆ. ಈಗ ನಮ್ಮ ಪ್ರಶ್ನೆ ಹಿಡಿದು ಇನ್ನೊಮ್ಮೆ ಓದಿ.

ರಾಜಂ ಪೊಲೀಸ್ ಸೂಪರಿಂಟೆಂಡೆಂಟರ ಮಗ. ಒಳ್ಳೆಯ ಉಡುಪು, ಸೊಗಸಾದ ಇಂಗ್ಲಿಷು. ಅವನು ತರಗತಿಗೆ ಬಂದದ್ದೇ ತಡ, ಹಳೆಯ ಗುಂಪು ಒಡೆಯುತ್ತದೆ. ಅವನಿಗೆ ಅಂಟಿಕೊಂಡ ಸ್ವಾಮಿಯನ್ನು ಹಳೆಯ ಗೆಳೆಯರು 'ಬಾಲ' ಎಂದು ಹಂಗಿಸಿ ಮಾತು ಬಿಡುತ್ತಾರೆ. ಇನ್ನೊಂದು ದಿನ ರಾಜಂ, ಮಣಿ, ಸ್ವಾಮಿ ಮೂವರೂ ಸೇರಿ ರಸ್ತೆಯಲ್ಲಿ ಎತ್ತಿನ ಗಾಡಿಯೊಂದನ್ನು ತಡೆಯುತ್ತಾರೆ. ಗಾಡಿ ಹೊಡೆಯುತ್ತಿರುವವನು ಕರುಪ್ಪನ್ ಎಂಬ ಹಳ್ಳಿಯ ಹುಡುಗ, ಅವರದೇ ಪ್ರಾಯದವನು. ತಾವು ಸರ್ಕಾರದ ಪೊಲೀಸರೆಂದು ಹೆದರಿಸಿ, ಗದರಿಸಿ, ಕೊನೆಗೊಂದು ಚೀಟಿ ಬರೆದು ಕೊಟ್ಟು ಕಳಿಸುತ್ತಾರೆ. ಓದುವಾಗ ನಗು ಬರುತ್ತದೆ, ಯಾಕೆಂದರೆ ಕ್ಯಾಮೆರಾ ಮೂವರ ಪಕ್ಕದಲ್ಲಿದೆ. ಅದನ್ನು ಗಾಡಿಯ ಮೇಲಿಟ್ಟು ನೋಡಿ. ಎದುರಿಗೆ ನಿಂತ ಬೂಟಿನ ಹುಡುಗ ಸುಳ್ಳು ಹೇಳುತ್ತಿದ್ದಾನೋ ನಿಜವೋ ಎಂದು ತಿಳಿಯದೆ, ಓದು ಬಾರದ ಹುಡುಗ ನಡುಗುತ್ತಿದ್ದಾನೆ. ನಾರಾಯಣ್ ಅವರು ಎಲ್ಲೂ ಉಪದೇಶ ಮಾಡುವುದಿಲ್ಲ. ಆದರೆ ಆ ಹುಡುಗನನ್ನು ಕಥೆಯಲ್ಲಿ ನಿಲ್ಲಿಸಿದ್ದಾರೆ. ನೋಡುವ ಕಣ್ಣು ನಮಗೆ ಬೇಕು.

ಇನ್ನೂ ಹತ್ತಿರಕ್ಕೆ ಬಂದರೆ ಮಾತು ಕಠಿಣವಾಗುತ್ತದೆ. ನಮ್ಮ ಕರಾವಳಿಯಲ್ಲಿ ಜನರನ್ನು ಹೊರಗೆ ನಿಲ್ಲಿಸಲು ಗುಪ್ತಕೂಟವೇ ಬೇಕಾಗಿರಲಿಲ್ಲ. ಆ ಕೆಲಸ ಹಾಡಹಗಲಲ್ಲೇ ನಡೆಯುತ್ತಿತ್ತು. ಕುಂಭಾಶಿಯ ನೆರೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ'ಯಲ್ಲಿ, ತುಂಡು ಭೂಮಿಯನ್ನು ಸಾಗುವಳಿ ಮಾಡಬೇಕೆಂಬ ಆಸೆಯೂ ಈಡೇರದ ಮನುಷ್ಯನ ಪಕ್ಕದಲ್ಲಿ ನಿಂತು ಬರೆದರು. ಕೊರಗ ಸಮುದಾಯದವರನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾನೂನು ಬಂದದ್ದು 2000ದಲ್ಲಿ. ಗುಟ್ಟಿನ ಕೂಟದ ಕಥೆ ಓದಿ ರೋಮಾಂಚನಗೊಳ್ಳುವಾಗ ಇದೂ ನೆನಪಿರಲಿ. ಹುಟ್ಟಿನಿಂದಲೋ ಹಣದಿಂದಲೋ ಒಳಗಾಗುವ ಯಾವ ಕೂಟವೂ ಹೊಸದಲ್ಲ. ಮೇಣದ ಬತ್ತಿ ಮತ್ತು ಅರಗಿನ ಮುದ್ರೆ ಮಾತ್ರ ಹೊಸದು.

ಹಾಗಾದರೆ ಗುಂಪೇ ಬೇಡವೇ? ಖಂಡಿತ ಬೇಕು. 1989ರಲ್ಲಿ ಬಂದ 'ಡೆಡ್ ಪೊಯೆಟ್ಸ್ ಸೊಸೈಟಿ' ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿ ಶ್ರೀಮಂತ ವಸತಿ ಶಾಲೆಯ ಹುಡುಗರು ರಾತ್ರಿ ಗುಹೆಯೊಂದಕ್ಕೆ ಹೋಗುತ್ತಾರೆ. ಅದೂ ಗುಟ್ಟಿನ ಕೂಟವೇ. ಆದರೆ ಅಲ್ಲಿ ಅವರು ಮಾಡುವ ಮುಖ್ಯ ಕೆಲಸ ಕವಿತೆ ಓದುವುದು. ಯಾರನ್ನು ಕೆಳಗೆ ತಳ್ಳಬೇಕು ಎಂಬುದು ಅವರ ಚಿಂತೆಯಲ್ಲ.

ನಮ್ಮಲ್ಲೇ ನೋಡಿ. ಯಕ್ಷಗಾನ ಮೇಳವೂ ಒಂದು ಕೂಟ. ಅಲ್ಲೂ ಪ್ರವೇಶಕ್ಕೆ ಮೆಟ್ಟಿಲುಗಳಿವೆ. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಕುಣಿಯಬೇಕು, ಬಾಲಗೋಪಾಲನಾಗಬೇಕು, ಸಣ್ಣಪುಟ್ಟ ವೇಷ ಕಟ್ಟಬೇಕು. ಕಿರೀಟ ಬರುವುದು ಆಮೇಲೆ. ಅದೂ ಕಷ್ಟದ ದೀಕ್ಷೆಯೇ. ಆದರೆ ನಡೆಯುವುದು ರಂಗಸ್ಥಳದಲ್ಲಿ, ಎಲ್ಲರೆದುರು. ತಾಳ ತಪ್ಪಿದರೆ ಊರಿಗೇ ಗೊತ್ತಾಗುತ್ತದೆ, ಹೆಜ್ಜೆ ಸರಿಯಾದರೂ ಊರಿಗೇ ಗೊತ್ತಾಗುತ್ತದೆ. ಅಲ್ಲಿನ ಕಷ್ಟದಿಂದ ವಿದ್ಯೆ ಬರುತ್ತದೆ. ಕತ್ತಲ ಕೋಣೆಯ ಕಷ್ಟದಿಂದ ಬರುವುದು ಭಯ.

ಸಂಕೇತಪದವೂ ನಮಗುಂಟು. ಬೆಂಗಳೂರಿನ ಬಸ್ ನಿಲ್ದಾಣದ ಗದ್ದಲದಲ್ಲಿ ಯಾರೋ "ಹ್ವಾಯ್!" ಎಂದು ಕರೆದರೆ ನಮ್ಮೂರ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಕುಂದಗನ್ನಡದ ಆ ಒಂದು ಕೂಗಿಗೆ ಹೋಟೆಲಿನಲ್ಲಿ ದುಡಿಯುವವರೂ ಕಚೇರಿಯ ಅಧಿಕಾರಿಯೂ ಒಟ್ಟಿಗೆ ತಿರುಗಿ ನೋಡುತ್ತಾರೆ. ಅದು ಎಮಿಲ್‌ನ ಸಂಕೇತಪದದಂತೆ, ಬಾಗಿಲು ತೆರೆಯುವಂಥದು. ಆದರೆ ಎಚ್ಚರಿಕೆ: ನಾವು ನಾಲ್ವರು ಅದೇ ಭಾಷೆಯಲ್ಲಿ ಮಾತಾಡುತ್ತ, ಬೇರೆ ಜಿಲ್ಲೆಯಿಂದ ಬಂದ ಐದನೆಯವನನ್ನು ನೋಡಿ ನಕ್ಕರೆ, ಆ ಕ್ಷಣಕ್ಕೆ ಅದೇ ಮಾತು ಬಾಗಿಲು ಮುಚ್ಚುವ ಸಂಕೇತಪದವಾಗುತ್ತದೆ. ದೋಷ ಪದದಲ್ಲಿಲ್ಲ, ಬಳಸುವವರಲ್ಲಿದೆ.

ಇಂದು ಗುಪ್ತಕೂಟಕ್ಕೆ ಗೋಪುರವೂ ಬೇಡ, ಗುಹೆಯೂ ಬೇಡ. ಮೊಬೈಲಿನಲ್ಲಿ ಒಂದು ಗುಂಪು ಸಾಕು. ತರಗತಿಯ 40 ಮಂದಿಯಲ್ಲಿ 39 ಮಂದಿಯನ್ನು ಸೇರಿಸಿ ಒಬ್ಬಳನ್ನು ಬಿಡುವುದು ಎರಡು ನಿಮಿಷದ ಕೆಲಸ. ಬ್ರಿಟನ್ನಿನ ಲೇಖಕಿ ಫರೀದಾ ಅಬಿಕೆ-ಇಯಿಮಿದೆ 2021ರಲ್ಲಿ ಬರೆದ 'ಏಸ್ ಆಫ್ ಸ್ಪೇಡ್ಸ್' ಕಾದಂಬರಿಯಲ್ಲಿ ಶ್ರೀಮಂತ ಶಾಲೆಯ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ಬೇಟೆಯಾಡುವುದು ಹೆಸರಿಲ್ಲದ ಮೊಬೈಲ್ ಸಂದೇಶಗಳೇ. ಕಥೆ ದೂರದ್ದು, ಸಲಕರಣೆ ನಮ್ಮ ಜೇಬಿನಲ್ಲೇ ಇದೆ.

ಮುಂದಿನ ವರ್ಷ ನಿಮ್ಮಲ್ಲಿ ಕೆಲವರು ಮನೆ ಬಿಟ್ಟು ಹಾಸ್ಟೆಲು ಸೇರುತ್ತೀರಿ. ಒಂಟಿತನ ಕಾಡುವಾಗ ಯಾರಾದರೂ "ನಮ್ಮ ಗುಂಪಿಗೆ ಬಾ" ಎಂದರೆ ಹಿತವಾಗುತ್ತದೆ. ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಗುಂಪಿನಲ್ಲಿ ಮಾಡುವುದನ್ನು ಮನೆಯಲ್ಲಿ ಹೇಳಲಾದೀತೇ? ಬೇಡವೆನಿಸಿದ ದಿನ ಹೆದರದೆ ಹೊರಗೆ ಬರಬಹುದೇ? ಒಳಗೆ ಬರಲು ನಾನು ಯಾರನ್ನಾದರೂ ನೋಯಿಸಬೇಕೇ? ಮೊದಲ ಎರಡಕ್ಕೆ 'ಹೌದು', ಕೊನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಸೇರಿ. ಇಲ್ಲದಿದ್ದರೆ ಅದು ಸ್ನೇಹವಲ್ಲ.

ಕಾನೂನೂ ನಿಮ್ಮ ಜೊತೆಗಿದೆ. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರಲ್ಲೇ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ತಂದ ನಿಯಮಗಳ ಪ್ರಕಾರ ಕಾಲೇಜು ಸೇರುವಾಗ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಬರೆದುಕೊಡಬೇಕು. ದೂರು ಕೊಡಲು ರಾಷ್ಟ್ರೀಯ ಸಹಾಯವಾಣಿ 1800-180-5522. ಶಾಲೆಯ ಮಕ್ಕಳಿಗೆ 1098. ಈ ಸಂಖ್ಯೆಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿರಬಹುದು, ಪಕ್ಕದ ಮಂಚದವನಿಗೆ ಬೇಕಾದೀತು. ಜೆರ್ರಿಯ ಕಥೆಯಲ್ಲಿ ಅವನನ್ನು ಸೋಲಿಸಿದ್ದು ಗುಪ್ತಕೂಟದ ಬಲವೊಂದೇ ಅಲ್ಲ. ಸುತ್ತ ಕುಳಿತು ಹೊಡೆದಾಟವನ್ನು ಹುರಿದುಂಬಿಸಿದ ನೂರಾರು ಹುಡುಗರ ಕೂಗೂ ಕೂಡ.

ಕೊನೆಗೆ ಒಂದು ಮನೆಗೆಲಸ ಕೊಡುತ್ತೇನೆ. ಇಂಥ ಕಥೆಗಳು ಕನ್ನಡದಲ್ಲಿ ಕಡಿಮೆ, ಅದನ್ನು ನೀವೇ ತುಂಬಬಹುದು. ಒಂದು ಕಥೆ ಬರೆಯಿರಿ. ಕಲ್ಲಿನ ಗೋಪುರ ಬೇಡ, ಕುಂಭಾಶಿಯ ಶಾಲೆಯೇ ಇರಲಿ. ಆನೆಗುಡ್ಡೆಯ ದೇವಸ್ಥಾನದ ದಾರಿ ಇರಲಿ, ಮಳೆಗಾಲದ ಸಂಜೆ ಇರಲಿ, ನಾಲ್ಕು ಮಂದಿಯ ಒಂದು ಗುಟ್ಟಿನ ಕೂಟವೂ ಇರಲಿ. ಐದನೆಯವಳು ಬಾಗಿಲು ತಟ್ಟುತ್ತಾಳೆ. ಒಳಗಿನವರು ಏನು ಮಾಡುತ್ತಾರೆ ಎಂಬುದನ್ನು ನೀವೇ ತೀರ್ಮಾನಿಸಿ. ಆದರೆ ಮೊದಲ ಪುಟದಲ್ಲಿ ಕ್ಯಾಮೆರಾ ಅವಳ ಪಕ್ಕದಲ್ಲೇ ಇರಲಿ.